ಸಂಸಾರದ ಕಥೆಯೆಂದರೆ ಮುಗಿಯಿತೆ?

ನಮ್ಮ ಸಂಘದ ತಿಂಗಳ ಓದಿನ ಕೂಟದಲ್ಲಿ ಈ ಸಲ ಅಮೇರಿಕದ ನಾಟಕಕಾರ ಟೆನೆಸೀ ವಿಲಿಯಮ್ಸನ ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ ಎಂಬ ನಾಟಕವನ್ನು ಎತ್ತಿಕೊಂಡಿದ್ದೆವು. ಹೆಸರನ್ನು ನಮ್ಮ ಮಾತಿಗೆ ತಂದರೆ ‘ಕಾದ ತಗಡಿನ ಮಾಡಿನ ಮೇಲಣ ಬೆಕ್ಕು’ ಎಂದಾಗುವುದು. ಪುಟಪುಟವಾಗಿ ಓದಿ, ಅಲ್ಲಲ್ಲಿಯೇ ಕನ್ನಡದಲ್ಲಿ ಹೇಳುತ್ತ ಹೋಗುವುದು ನಮ್ಮ ಪಾಲಿಗೆ ಬಂದ ಕೆಲಸ. ಕೂಟದಲ್ಲಿ ಹೈಸ್ಕೂಲಿನ ಹುಡುಗ ಹುಡುಗಿಯರೂ ಇದ್ದುದರಿಂದ, ಎರಡನೆಯ ಅಂಕದ ನಡುವಣ ಕೆಲವು ಪುಟಗಳನ್ನು ದಾಟಿಸಿಬಿಡುವುದು ಲೇಸೆಂದು ಹಿರಿಯರೊಬ್ಬರು ಮೊದಲೇ ಸೂಚಿಸಿದ್ದರು. ನಾವೂ ದಾಟಿಸಿದೆವು. ಓದು ಮುಗಿದ ಮೇಲೆ ಹತ್ತನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, “ಸರ್, ಆ ಕಿರಿಯ ಮಗ ಅಷ್ಟೊಂದು ಕುಡಿಯುವುದು ಯಾಕೆ?” ಎಂದು ಕೇಳಿದನು. ಉತ್ತರವಿದ್ದ ಪುಟಗಳು ನಮ್ಮ ಹೆಬ್ಬೆರಳಿನ ಕೆಳಗಿದ್ದವು. ನಾವು ಬಾಯಿ ಬಿಡಲಿಲ್ಲ. ಹಿರಿಯರೇ ನಮ್ಮ ಪರವಾಗಿ, “ಅದು ಸಂಸಾರದ ಕಥೆ, ಮಗು. ತಂದೆ ಮಕ್ಕಳಲ್ಲಿ ಒಂದು ತಪ್ಪು ತಿಳಿವಳಿಕೆ. ಎಲ್ಲರ ಮನೆಯಲ್ಲೂ ಇದ್ದದ್ದೇ” ಎಂದು ಹೇಳಿ ಕೂಟವನ್ನು ಮುಗಿಸಿದರು.

ಆ ಬಳಿಕ ಚಹಾ ಕುಡಿಯುತ್ತಿರುವಾಗ ಅವರು ಇನ್ನಷ್ಟು ಹೇಳಿದರು. ಮಾರ್ಕ್ಸ್‌ವಾದದ ವಿಮರ್ಶೆ, ಕ್ವಿಯರ್ ವಿಮರ್ಶೆ ಎಂಬಿವೆಲ್ಲ ಪಡುವಣ ವಿಶ್ವವಿದ್ಯಾಲಯಗಳ ಚಾಳಿ. ಹೂವಿನ ಪರಿಮಳವನ್ನು ಬಿಟ್ಟು ಎಸಳು ಕಿತ್ತು ಎಣಿಸುವವರ ಉದ್ಯೋಗ. ಸಂಸಾರದ ನಾಟಕವನ್ನು ಸಂಸಾರದ ನಾಟಕವಾಗಿಯೇ ಓದಿದರೆ ಸಾಲದೆ ಎಂದರು. ಈ ಮಾತನ್ನು ಅವರೊಬ್ಬರೇ ಹೇಳುತ್ತಿರುವುದಾದರೆ ನಾವು ಈ ಕಾಗದವನ್ನು ಕೆಡಿಸುತ್ತಿರಲಿಲ್ಲ. ಉಪಾಧ್ಯಾಯರ ಕೋಣೆಗಳಲ್ಲಿ, ಸಭೆಗಳಲ್ಲಿ, ಕೆಲವೊಮ್ಮೆ ಈ ಪತ್ರಿಕೆಯಲ್ಲಿಯೂ ಇದೇ ಮಾತು ಕೇಳಿಬರುತ್ತಿದೆ. ಹಿರಿಯರಲ್ಲಿ ನಮಗಿರುವ ಗೌರವಕ್ಕೆ ಕುಂದಿಲ್ಲ. ಆದರೆ ಈ ಮಾತು ತಪ್ಪೆಂದು ನಾವು ಹೇಳಲೇಬೇಕಾಗಿದೆ. ಅಂದು ಸುಮ್ಮನಿದ್ದ ತಪ್ಪು ನಮ್ಮದಾದುದರಿಂದ ಮತ್ತಷ್ಟು ಗಟ್ಟಿಯಾಗಿಯೇ ಹೇಳಬೇಕಾಗಿದೆ.

ಸಿದ್ಧಾಂತವಿಲ್ಲದೆ ಓದುತ್ತೇವೆ ಎನ್ನುವವರಿಗೂ ಒಂದು ಸಿದ್ಧಾಂತವುಂಟು. ಸಂಸಾರವೆಂಬುದು ಗಾಳಿ ನೀರುಗಳಂತೆ ತಾನಾಗಿ ಇರುವ ವಸ್ತು, ಅದು ಎಲ್ಲ ಕಾಲದಲ್ಲಿ ಎಲ್ಲ ದೇಶದಲ್ಲಿ ಒಂದೇ ಬಗೆ ಎಂಬುದೇ ಆ ಸಿದ್ಧಾಂತ. ಅದನ್ನು ಯಾರೂ ಪುಸ್ತಕ ತೆರೆದು ಕಲಿಯಬೇಕಾಗಿಲ್ಲವಾದ ಕಾರಣ ಅದಕ್ಕೆ ಸಿದ್ಧಾಂತವೆಂಬ ಹೆಸರು ಬಂದಿಲ್ಲ, ಅಷ್ಟೆ. ನಾಟಕವು ಈ ನಂಬಿಕೆಯನ್ನು ಒಪ್ಪುತ್ತದೆಯೇ ಎಂದು ನೋಡೋಣ.

ನಾಟಕವನ್ನು ಓದದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇವೆ. ಮಿಸಿಸಿಪಿ ನದಿಯ ಬಯಲಿನಲ್ಲಿ ಒಂದು ದೊಡ್ಡ ಹತ್ತಿಯ ತೋಟ. ಅದರ ಒಡೆಯನನ್ನು ಎಲ್ಲರೂ ‘ಬಿಗ್ ಡ್ಯಾಡಿ’ ಎಂದು ಕರೆಯುವರು. ಅವನಿಗೆ 65 ತುಂಬಿದ ದಿನ. ಹೊಟ್ಟೆಯಲ್ಲಿ ಅರ್ಬುದ, ಸಾವು ಹತ್ತಿರ. ಅವನಿಗೂ ಅವನ ಹೆಂಡತಿಗೂ ಹೊರತು ಮಿಕ್ಕವರಿಗೆಲ್ಲ ಇದು ತಿಳಿದಿದೆ. ಹಿರಿಯ ಮಗ ಗೂಪರ್ ವಕೀಲ. ಅವನ ಹೆಂಡತಿ ಮೇ, ಐದು ಮಕ್ಕಳ ತಾಯಿ, ಆರನೆಯದು ಹೊಟ್ಟೆಯಲ್ಲಿದೆ. ಕಿರಿಯವನು ಬ್ರಿಕ್, ಒಂದು ಕಾಲದ ಫುಟ್‌ಬಾಲ್ ವೀರ. ನಡುರಾತ್ರಿ ಕಳೆದ ಮೇಲೆ ಕುಡಿದು ಶಾಲೆಯ ಮೈದಾನಕ್ಕೆ ಹೋಗಿ, ಹುಡುಗನಾಗಿದ್ದಾಗ ಹಾರಿದ ಅಡೆತಡೆಗಳನ್ನು ಹಾರಲು ನೋಡಿ ಕಾಲು ಮುರಿದುಕೊಂಡು, ಊರುಗೋಲಿನಲ್ಲಿ ನಡೆಯುತ್ತಿದ್ದಾನೆ. ಹೆಂಡತಿ ಮ್ಯಾಗಿಯೊಡನೆ ಅವನು ಮಲಗುವುದಿಲ್ಲ, ಮಕ್ಕಳಿಲ್ಲ. ಅವನ ಗೆಳೆಯ ಸ್ಕಿಪ್ಪರ್ ಕುಡಿದು ಕುಡಿದು ಸತ್ತಿದ್ದಾನೆ. ತೋಟ ಯಾರಿಗೆ ಎಂಬುದು ಪ್ರಶ್ನೆ. ಕೊನೆಗೆ ಮ್ಯಾಗಿ ತಾನು ಬಸುರಿಯೆಂದು ಎಲ್ಲರ ಮುಂದೆ ಸುಳ್ಳು ಹೇಳುತ್ತಾಳೆ. ಇದು 1955ರ ಮಾರ್ಚ್ 24ರಂದು ನ್ಯೂಯಾರ್ಕಿನ ಮೊರೊಸ್ಕೋ ರಂಗಮಂದಿರದಲ್ಲಿ ಎಲಿಯಾ ಕಜಾನ್‌ನ ನಿರ್ದೇಶನದಲ್ಲಿ ಆಡಲ್ಪಟ್ಟಿತು. ಆ ವರ್ಷದ ಪುಲಿಟ್ಜರ್ ಬಹುಮಾನವನ್ನೂ ಪಡೆಯಿತು.

ಮೊದಲು ಮಣ್ಣಿನ ಲೆಕ್ಕ. ಬಿಗ್ ಡ್ಯಾಡಿಯೇ ಮಗನ ಮುಂದೆ ಲೆಕ್ಕ ಒಪ್ಪಿಸುತ್ತಾನೆ: ನಗದು ಮತ್ತು ಷೇರುಗಳಲ್ಲಿ ಒಂದು ಕೋಟಿ ಡಾಲರಿನ ಹತ್ತಿರ, ಅದರ ಹೊರತು 28,000 ಎಕರೆ ಭೂಮಿ. ನಾವು ಮಕ್ಕಳಿಗೆ ಭಾಗಾಕಾರ ಕಲಿಸುವವರು, ಮಾಡಿ ನೋಡಿದೆವು. ಒಂದು ಚದರ ಮೈಲಿಗೆ 640 ಎಕರೆಯಂತೆ ಸುಮಾರು 44 ಚದರ ಮೈಲಿಯಾಗುವುದು. ಇಷ್ಟು ನೆಲದ ಮೇಲೆ ನಿಂತ ಮನೆಯೊಂದರ ಮಾತುಕತೆಯನ್ನು ‘ಎಲ್ಲರ ಮನೆಯಲ್ಲೂ ಇದ್ದದ್ದೇ’ ಎಂದು ಹೇಳಬೇಕಾದರೆ ಬಹಳ ಧೈರ್ಯ ಬೇಕು. ಆ ಮನೆಯಲ್ಲಿ ಮಾತೆಲ್ಲವೂ ಈ ನೆಲದ ಕಡೆಗೇ ಹರಿಯುತ್ತದೆ. ಮೇ ತನ್ನ ಮಕ್ಕಳನ್ನು ಅಜ್ಜನ ಮುಂದೆ ಹಾಡಿಸಿ ಕುಣಿಸುವುದು ಪ್ರೀತಿಯ ವೇಷದಲ್ಲಿರುವ ಅರ್ಜಿ. ಹಿರಿಯ ಮಗನು ತಂದೆಯ ಉಸಿರು ಇರುವಾಗಲೇ ತೋಟದ ಆಡಳಿತಕ್ಕೆ ಕರಡು ಪತ್ರವನ್ನು ಸಿದ್ಧಪಡಿಸಿ ತಂದಿದ್ದಾನೆ. ಹುಟ್ಟುಹಬ್ಬಕ್ಕೆ ಬಂದ ಪಾದ್ರಿಯ ಬಾಯಲ್ಲಿ ಸತ್ತವರು ಚರ್ಚುಗಳಿಗೆ ಕೊಟ್ಟ ಸ್ಮಾರಕ ಕಾಣಿಕೆಗಳ ಮಾತು. ಮ್ಯಾಗಿಯೂ ಬಡತನದಲ್ಲಿ ಬೆಳೆದವಳು, ಶ್ರೀಮಂತ ನೆಂಟರ ಹಳೆಯ ಉಡುಪಿನಲ್ಲಿ ಮೆರೆಯಬೇಕಾಗಿ ಬಂದವಳು. ಮುದಿತನದಲ್ಲಿ ದುಡ್ಡಿಲ್ಲದಿರುವುದರ ಭಯವನ್ನು ಅವಳಷ್ಟು ಸ್ಪಷ್ಟವಾಗಿ ಬಾಯಿಬಿಟ್ಟು ಹೇಳಿದವರು ಆ ಮನೆಯಲ್ಲಿ ಬೇರೊಬ್ಬರಿಲ್ಲ.

ಫ್ರೆಡರಿಕ್ ಏಂಗೆಲ್ಸನು 1884ರಲ್ಲಿ ಕುಟುಂಬ, ಖಾಸಗಿ ಆಸ್ತಿ, ರಾಜ್ಯ ಇವುಗಳ ಹುಟ್ಟಿನ ಕುರಿತು ಬರೆದ ಗ್ರಂಥದಲ್ಲಿ, ಆಸ್ತಿಯು ಖಾಸಗಿ ಗಂಡಸಿನ ಕೈಗೆ ಸೇರಿದಂದಿನಿಂದ ಅದನ್ನು ತನ್ನದೇ ಮಕ್ಕಳಿಗೆ ದಾಟಿಸಬೇಕೆಂಬ ಹಂಬಲವು ಕುಟುಂಬದ ಆಕಾರವನ್ನು ನಿರ್ಣಯಿಸಿತೆಂದು ವಾದಿಸಿದ್ದಾನೆ. ಅವನ ಮಾನವಶಾಸ್ತ್ರದ ಹಲವು ಸಂಗತಿಗಳನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಇರಲಿ. ಆದರೆ ಈ ಒಂದು ಮಾತನ್ನು ನಂಬಲು ಕಾಸರಗೋಡಿನ ಕನ್ನಡಿಗನಿಗೆ ಏಂಗೆಲ್ಸ್ ಬೇಕಾಗಿಲ್ಲ. ನಮ್ಮ ಅಜ್ಜಂದಿರ ಕಾಲದವರೆಗೆ ಈ ನೆಲದ ಎಷ್ಟೋ ಮನೆತನಗಳಲ್ಲಿ ಅಳಿಯಸಂತಾನದ ಕಟ್ಟು ನಡೆಯುತ್ತಿತ್ತು. ಆಸ್ತಿ ಹೋಗುವುದು ಹೆಣ್ಣಿನ ದಾರಿಯಲ್ಲಿ, ಯಜಮಾನನ ಸ್ವಂತ ಮಗನಿಗೆ ತಂದೆಯ ತರವಾಡಿನಲ್ಲಿ ಹಕ್ಕಿಲ್ಲ, ಸೋದರಳಿಯನಿಗೆ ಹಕ್ಕು. 1949ರಲ್ಲಿ ಮದರಾಸು ಸರಕಾರ ಅದಕ್ಕೊಂದು ಕಾಯಿದೆಯನ್ನೇ ಮಾಡಿತ್ತು; ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಪಡಿಸಿದ ಕೇರಳದ 1975ರ ಕಾಯಿದೆಯಿಂದ ಅದು ಇಲ್ಲಿ ಕೊನೆಗೊಂಡಿತು. ಈಗ ಬಿಗ್ ಡ್ಯಾಡಿಯನ್ನು ಅಂಥ ಒಂದು ಗುತ್ತಿನ ಮನೆಯ ಚಾವಡಿಯಲ್ಲಿ ಕುಳ್ಳಿರಿಸಿ ನೋಡಿರಿ. ಬ್ರಿಕ್‌ಗೆ ಮಕ್ಕಳಿದ್ದರೇನು, ಇಲ್ಲದಿದ್ದರೇನು? ಮೇಯ ಐದು ಮಕ್ಕಳ ಹಾಡು ಯಾರಿಗೆ ಬೇಕು? ಮ್ಯಾಗಿಯ ಸುಳ್ಳಿಗೆ ಒಂದು ಕಾಸಿನ ಬೆಲೆಯಿಲ್ಲ. ಹಾಗೆಂದು ಆ ಮನೆಯಲ್ಲಿ ದುಃಖವಿರುತ್ತಿರಲಿಲ್ಲವೆಂದಲ್ಲ. ಬಂಜೆತನದ ಭಯವು ಸೊಸೆಯ ತಲೆಯಿಂದ ಮಗಳ ತಲೆಗೆ ವರ್ಗವಾಗುತ್ತಿತ್ತು. ನಾಟಕ ಮಾತ್ರ ಬೇರೆಯೇ ಆಗುತ್ತಿತ್ತು. ಸಂಸಾರ ಎಲ್ಲೆಡೆಯೂ ಒಂದೇ ಎಂಬ ಮಾತನ್ನು ಮಲಬಾರಿನವನೋ ತುಳುನಾಡಿನವನೋ ಹೇಳಿದಾಗ ನಮಗೆ ನಗು ಬರುವುದು ಇದಕ್ಕಾಗಿಯೇ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಮ್ಮ ಕೆಲವು ಎಡಪಂಥದ ಮಿತ್ರರಿಗೆ ಸಂತೋಷವಾಗುತ್ತಿತ್ತು. ಆದರೆ ಆ 28,000 ಎಕರೆ ಬಿಗ್ ಡ್ಯಾಡಿಯ ಕೈಗೆ ಬಂದುದು ಹೇಗೆ? ಅವನು ಪಿತ್ರಾರ್ಜಿತದಿಂದ ಪಡೆದವನಲ್ಲ. ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ಹೊಲಕ್ಕೆ ಇಳಿದವನು; ಅಲೆಮಾರಿಯಾಗಿ ತಿರುಗಿದವನು. ಆ ತೋಟದ ಅಂದಿನ ಒಡೆಯರು ಜಾಕ್ ಸ್ಟ್ರಾ ಮತ್ತು ಪೀಟರ್ ಒಚೆಲ್ಲೋ ಎಂಬ ಇಬ್ಬರು ಅವಿವಾಹಿತರು. ಅವರು ಅವನಿಗೆ ಆಶ್ರಯ ಕೊಟ್ಟರು, ಅವನು ಮೇಲ್ವಿಚಾರಕನಾದನು, ಸ್ಟ್ರಾ ಸತ್ತ ಮೇಲೆ ಒಚೆಲ್ಲೋವಿನ ಪಾಲುದಾರನಾದನು. ಆ ಇಬ್ಬರು ಗಂಡಸರು ಬಾಳಿನುದ್ದಕ್ಕೂ ಒಂದೇ ಕೋಣೆಯಲ್ಲಿ, ಒಂದೇ ಜೋಡಿಮಂಚದಲ್ಲಿ ಬಾಳಿದರು. ಒಬ್ಬನು ಸತ್ತಾಗ ಇನ್ನೊಬ್ಬನು ಅನ್ನ ಬಿಟ್ಟು ತಾನೂ ಸತ್ತನು. ಇದನ್ನು ಹೇಳುವವನು ಬಿಗ್ ಡ್ಯಾಡಿಯೇ, ಹೇಳುವ ದನಿಯಲ್ಲಿ ಹೇವರಿಕೆಯಿಲ್ಲ. ನಾಟಕದ ರಂಗಸೂಚನೆಯಲ್ಲಿ ವಿಲಿಯಮ್ಸನು, ಆ ಕೋಣೆಯಲ್ಲಿ ಅಪೂರ್ವವಾದ ಒಂದು ಮಾರ್ದವದ ನೆನಪು ಇನ್ನೂ ಸುಳಿಯುತ್ತಿರುವಂತೆ ಇರಬೇಕೆಂದು ಬರೆದಿದ್ದಾನೆ. ಬ್ರಿಕ್ ಮತ್ತು ಮ್ಯಾಗಿಯರನ್ನು ಇರಿಸಿರುವುದು ಅದೇ ಕೋಣೆಯಲ್ಲಿ. ಮೂರು ಅಂಕಗಳೂ ನಡೆಯುವುದು ಅದೇ ಕೋಣೆಯಲ್ಲಿ.

ಇಲ್ಲಿಯೇ ಕ್ವಿಯರ್ ಸಿದ್ಧಾಂತದ ಅಗತ್ಯ ಬೀಳುವುದು. ಈ ಪದ ಮೊದಲು ಬೈಗುಳವಾಗಿತ್ತು. ಬೈಸಿಕೊಂಡವರೇ ಅದನ್ನು ತಮ್ಮ ಹೆಸರನ್ನಾಗಿ ಎತ್ತಿಕೊಂಡರು. 1990ರ ಸುಮಾರಿಗೆ ಅದು ವಿಮರ್ಶೆಯ ಹೆಸರಾಯಿತು. ಗಂಡುಹೆಣ್ಣಿನ ಮದುವೆಯೊಂದೇ ಸಹಜವೆಂದು ಹಿಡಿದು ಮಿಕ್ಕ ಒಲವುಗಳನ್ನು ಅಸಹಜವೆಂದು ಎಣಿಸುವ ಕಟ್ಟಳೆಯು ಬರಹದೊಳಗೆ ಹೇಗೆ ಕೆಲಸ ಮಾಡುತ್ತದೆ, ಯಾರ ಬಾಯಿಯನ್ನು ಹೇಗೆ ಮುಚ್ಚಿಸುತ್ತದೆ ಎಂದು ವಿಚಾರಿಸುವುದೇ ಅದರ ಕೆಲಸ. ಅದರ ಹಿಂದೆಯೇ, 1985ರಲ್ಲಿ, ಈವ್ ಸೆಜ್‌ವಿಕ್ ಎಂಬ ವಿದುಷಿಯು ಗಂಡಸರಿಬ್ಬರ ನಡುವಣ ಕಟ್ಟು ಹೆಂಗಸೊಬ್ಬಳ ಮೂಲಕ ಹಾದುಹೋಗುವ ತ್ರಿಕೋನವನ್ನು ಇಂಗ್ಲಿಷ್ ಸಾಹಿತ್ಯದಲ್ಲಿ ತೋರಿಸಿದ್ದಳು. ಈ ನಾಟಕದಲ್ಲಿ ಮ್ಯಾಗಿಯು ಆ ತ್ರಿಕೋನವನ್ನು ತಾನೇ ಬಿಡಿಸಿ ಹೇಳುತ್ತಾಳೆ: ತಾನೂ ಸ್ಕಿಪ್ಪರನೂ ಒಮ್ಮೆ ಕೂಡಲು ನೋಡಿದುದು ಇಬ್ಬರಿಗೂ ಬ್ರಿಕ್ ಬೇಕಾಗಿದ್ದುದರಿಂದ ಎಂದು.

ನಾವು ದಾಟಿಸಿದ ಪುಟಗಳಲ್ಲಿ ಇದ್ದುದು ಇಷ್ಟು. ತಂದೆ ಮಗನನ್ನು ಕೇಳುತ್ತಾನೆ, ಏಕೆ ಕುಡಿಯುತ್ತೀ ಎಂದು. ನಮ್ಮ ಹುಡುಗ ಕೇಳಿದುದೂ ಅದೇ ಪ್ರಶ್ನೆ! ಸುಳ್ಳಿನ ಮೇಲಿನ ಅಸಹ್ಯದಿಂದ ಎಂದು ಬ್ರಿಕ್ ಉತ್ತರಿಸುತ್ತಾನೆ. ತಂದೆ ಬಿಡುವುದಿಲ್ಲ. ಸ್ಕಿಪ್ಪರನ ಹೆಸರು ಬರುತ್ತದೆ. ತಮ್ಮದು ಶುದ್ಧವಾದ ಗೆಳೆತನವೆಂದು ಬ್ರಿಕ್ ಕೂಗಾಡುತ್ತಾನೆ. ಕೊನೆಗೆ ಹೊರಬರುವ ಸಂಗತಿಯೆಂದರೆ, ಸ್ಕಿಪ್ಪರನು ಕುಡಿದು ದೂರವಾಣಿಯಲ್ಲಿ ತನ್ನ ಮನಸ್ಸನ್ನು ತೋಡಿಕೊಂಡಾಗ ಬ್ರಿಕ್ ಉತ್ತರ ಕೊಡದೆ ದೂರವಾಣಿಯನ್ನು ಕೆಳಗಿಟ್ಟನು. ಗೆಳೆಯನೊಡನೆ ಸತ್ಯವನ್ನು ಎದುರಿಸುವ ಬದಲು ಅವನನ್ನು ಗುಂಡಿಗೆ ತಳ್ಳಿದವನು ನೀನೇ ಎಂಬರ್ಥದ ಮಾತನ್ನು ತಂದೆ ಆಡುತ್ತಾನೆ. ಆ ಏಟಿಗೆ ಪ್ರತಿಯಾಗಿ ಮಗನು ತಂದೆಗೆ ಅರ್ಬುದದ ಸತ್ಯವನ್ನು ಹೇಳಿಬಿಡುತ್ತಾನೆ. ಇದನ್ನು ಬಿಟ್ಟು ಓದಿದರೆ ನಾಟಕದಲ್ಲಿ ಉಳಿಯುವುದು ಊರುಗೋಲು, ಬಾಟಲಿ, ಹುಟ್ಟುಹಬ್ಬದ ಕಜ್ಜಾಯ.

ಬ್ರಿಕ್ ಸಲಿಂಗಪ್ರೇಮಿಯೇ ಅಲ್ಲವೇ ಎಂದು ತೀರ್ಪು ಬರೆಯಲು ಹೊರಡುವ ವಿಮರ್ಶಕರೂ ಇದ್ದಾರೆ. ಅವರೊಡನೆಯೂ ನಮ್ಮ ಜಗಳವಿದೆ. 1955ರಲ್ಲಿಯೇ ವಾಲ್ಟರ್ ಕೆರ್ ಎಂಬ ವಿಮರ್ಶಕನು ನಾಟಕಕಾರ ಈ ಜಾಗದಲ್ಲಿ ಜಾರಿಕೊಂಡನೆಂದು ಆಕ್ಷೇಪಿಸಿದನು. ಪಾತ್ರದ ಗುಟ್ಟಿನಲ್ಲಿ ಒಂದಂಶ ಬಿಚ್ಚದೆಯೇ ಉಳಿಯತಕ್ಕದ್ದೆಂಬುದು ವಿಲಿಯಮ್ಸನ ನಿಲುವಾಗಿತ್ತು. ನಮಗೆ ಬೇಕಾದುದು ಬ್ರಿಕ್‌ನ ವೈದ್ಯಕೀಯ ಪ್ರಮಾಣಪತ್ರವಲ್ಲ. ಅಂಥ ಒಲವು ಇದ್ದುದೇ ಆದರೆ, ಅವರು ಬಾಳಿದ ಲೋಕದಲ್ಲಿ ಮುಖ ಉಳಿಸಿಕೊಳ್ಳಬೇಕಾದರೆ ಅದನ್ನು ಅಲ್ಲಗಳೆಯಲೇಬೇಕಾಗಿತ್ತು ಎಂದು ನಾಟಕಕಾರನೇ ರಂಗಸೂಚನೆಯಲ್ಲಿ ಸೂಚಿಸಿದ್ದಾನೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಸತ್ತುಹೋದ ಇಬ್ಬರು ಒಡೆಯರಿಗೆ ಸಂದ ಬಾಳು ಈ ವಾರಸುದಾರನಿಗೆ ಏಕೆ ಸಲ್ಲದು?

ಉತ್ತರಕ್ಕೆ ಎರಡು ಸಿದ್ಧಾಂತಗಳೂ ಕೂಡಿಯೇ ಬೇಕು. ಸ್ಟ್ರಾ ಮತ್ತು ಒಚೆಲ್ಲೋ ಒಡೆಯರಾಗಿದ್ದರು. ತೋಟದ ಒಡೆಯನ ಮಲಗುವ ಕೋಣೆಗೆ ಇಣುಕುವ ಧೈರ್ಯ ಅಲ್ಲಿ ಯಾರಿಗಿತ್ತು? ಆದರೆ ಬಿಗ್ ಡ್ಯಾಡಿ ಆ ನೆಲವನ್ನು ವಂಶದ ಸ್ವತ್ತಾಗಿ ಮಾಡಹೊರಟ ಕ್ಷಣದಿಂದ ಅಲ್ಲಿ ಮಗುವೊಂದು ಬೇಕು, ಮಗುವಿಗಾಗಿ ಹಾಸಿಗೆ ಬೇಕು. ಇಬ್ಬರು ಗಂಡಸರ ಒಲವಿನಿಂದ ಉಳಿದುಬಂದ ತೋಟವನ್ನು ಉಳಿಸಿಕೊಳ್ಳುವುದಕ್ಕಾಗಿ, ಅವರದೇ ಕೋಣೆಯಲ್ಲಿ, ಒಲ್ಲದ ಗಂಡನಿಂದ ಮಗುವನ್ನು ಪಡೆಯಬೇಕಾಗಿದೆ. ಮ್ಯಾಗಿ ಗಂಡನ ಮದ್ಯವನ್ನು ಅಡಗಿಸಿ, ಅದನ್ನೇ ಒತ್ತೆಯಾಗಿಟ್ಟು ಅವನನ್ನು ಹಾಸಿಗೆಗೆ ಕರೆಯುತ್ತಾಳೆ. ಆಸ್ತಿಯ ಕಣ್ಣಿಲ್ಲದೆ ಇದನ್ನು ನೋಡಿದವರಿಗೆ ಹಟಮಾರಿ ಹೆಂಡತಿಯೊಬ್ಬಳು ಕಾಣುತ್ತಾಳೆ. ಒಲವಿನ ಕಣ್ಣಿಲ್ಲದೆ ನೋಡಿದವರಿಗೆ ಬರಿಯ ವಾರಸಿನ ವ್ಯಾಜ್ಯ ಕಾಣುತ್ತದೆ.

ಹಾಗಲ್ಲ, ಇವೆರಡನ್ನೂ ತೆಗೆದರೂ ನಾಟಕ ನಿಲ್ಲುತ್ತದೆ ಎನ್ನುವವರಿಗೆ ಒಂದು ಪ್ರಯೋಗ ಆಗಲೇ ನಡೆದುಹೋಗಿದೆ. 1958ರಲ್ಲಿ ರಿಚರ್ಡ್ ಬ್ರೂಕ್ಸನು ಇದನ್ನು ಚಲನಚಿತ್ರ ಮಾಡಿದನು; ಎಲಿಜಬೆತ್ ಟೇಲರ್, ಪಾಲ್ ನ್ಯೂಮನ್ ಮುಖ್ಯ ನಟರು. ಆ ಕಾಲದ ಹಾಲಿವುಡ್ಡಿನ ಕಟ್ಟುನಿಟ್ಟಿನ ಸಂಹಿತೆಯಂತೆ ಸಲಿಂಗಪ್ರೇಮದ ಸುಳಿವು ಪರದೆಯ ಮೇಲೆ ಬರಕೂಡದು. ಕತ್ತರಿ ಬಿತ್ತು. ಆದರೆ ಕತ್ತರಿ ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಬ್ರಿಕ್ ಕುಡಿಯುವುದಕ್ಕೆ ಬೇರೆ ಕಾರಣ ಬೇಕಾಯಿತು. ಆಗ ನೆಲಮಾಳಿಗೆಯಲ್ಲಿ, ತಾಯಿ ಯುರೋಪಿನಿಂದ ಕೊಂಡುತಂದ ಸಾಮಾನುಗಳ ರಾಶಿಯ ನಡುವೆ, ತಂದೆಮಕ್ಕಳ ಒಂದು ದೃಶ್ಯವನ್ನು ಹೊಸದಾಗಿ ಹೊಲಿದರು. ಮಗನಿಗೆ ಬೇಕಾಗಿದ್ದುದು ಆಸ್ತಿಯಲ್ಲ, ತಂದೆಯ ಪ್ರೀತಿಯಂತೆ! ತಂದೆಯೂ ತನ್ನ ಅಲೆಮಾರಿ ಅಪ್ಪನು ಬಿಟ್ಟುಹೋದ ಒಂದು ಹಳೆಯ ಪೆಟ್ಟಿಗೆಯನ್ನು ನೆನೆದು ಕರಗುತ್ತಾನೆ. ಒಲವನ್ನು ಕತ್ತರಿಸಿದ ಕೈಯೇ ನೆಲದ ಪ್ರಶ್ನೆಯನ್ನೂ ಕಣ್ಣೀರಿನಲ್ಲಿ ತೊಳೆದುಬಿಟ್ಟಿತು. ಉಳಿದುದು ನಮ್ಮ ಹಿರಿಯರು ಹೇಳಿದ ‘ತಂದೆ ಮಕ್ಕಳ ತಪ್ಪು ತಿಳಿವಳಿಕೆ’. ಅವರ ಓದು ಸಿದ್ಧಾಂತವಿಲ್ಲದ ಶುದ್ಧ ಓದಲ್ಲ. ಹಾಲಿವುಡ್ಡಿನ ಪರಿಶೀಲನಾ ಕಚೇರಿಯಲ್ಲಿ 1958ಕ್ಕಿಂತ ಮುಂಚೆಯೇ ತಯಾರಾಗಿದ್ದ ಓದು. ಗೊತ್ತಿಲ್ಲದೆ ನಾವೂ ಆ ಕಚೇರಿಯ ಗುಮಾಸ್ತರಾಗಿ ಪುಟಗಳನ್ನು ದಾಟಿಸಿದೆವು.

ರಂಗದ ಮೇಲೆಯೂ ಎಲ್ಲವೂ ಸುರಕ್ಷಿತವಾಗಿ ಉಳಿದಿರಲಿಲ್ಲ. ಕಜಾನ್‌ನ ಒತ್ತಾಯದಂತೆ ಮೂರನೆಯ ಅಂಕವನ್ನು ತಿದ್ದಿ, ಬ್ರಿಕ್‌ನಲ್ಲಿ ಮಾರ್ಪಾಟನ್ನು ತೋರಿಸಬೇಕಾಯಿತು. ವಿಲಿಯಮ್ಸನು ಪುಸ್ತಕವನ್ನು ಅಚ್ಚುಹಾಕಿಸುವಾಗ ಎರಡು ಪಾಠಗಳನ್ನೂ ಒಂದು ವಿವರಣೆಯೊಡನೆ ಕೊಟ್ಟನು. ಸ್ವತಃ ಸಲಿಂಗಪ್ರೇಮಿಯಾಗಿದ್ದ ಆತನಿಗೆ ಈ ತಿದ್ದುಪಾಟಿನ ಬೆಲೆ ತಿಳಿದಿತ್ತು.

ಎಡಪಂಥದ ಮಿತ್ರರಿಗೆ ಹೇಳಬೇಕಾದ ಮಾತು ಬಾಕಿಯಿದೆ. ಬ್ರಿಕ್‌ನ ಸಂಕಟವು ಉಂಡು ಹೆಚ್ಚಾದವರ ಖಯಾಲಿ, ಹಸಿದವನಿಗೆ ಅದರಿಂದೇನು ಎಂಬ ಮಾತನ್ನು ನಾವು ಅವರ ಬಾಯಿಂದ ಕೇಳಿದ್ದೇವೆ. ಸೋವಿಯೆತ್ ಸರಕಾರವು 1934ರಲ್ಲಿ ಗಂಡಸರ ನಡುವಣ ಸಲಿಂಗಪ್ರೇಮವನ್ನು ಅಪರಾಧವಾಗಿ ಮಾಡಿತು. ಅಂಥ ಕಾಯಿದೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಿಡುಗಡೆಯ ಮಾತಾಡುವುದು ಚೆನ್ನಲ್ಲ. ಅವರು ನಿಜವಾಗಿ ಎತ್ತಬೇಕಾಗಿದ್ದ ಪ್ರಶ್ನೆ ಬೇರೆಯಿತ್ತು. ಅದನ್ನು ಅವರೂ ಎತ್ತಲಿಲ್ಲ. ಆ 44 ಚದರ ಮೈಲಿಯಲ್ಲಿ ಹತ್ತಿ ಬಿಡಿಸಿದವರು ಯಾರು? ನಾಟಕದಲ್ಲಿ ಲೇಸಿ, ಸೂಕಿ ಎಂಬ ಕರಿಯ ಆಳುಗಳು ತಟ್ಟೆ ಹಿಡಿದು ಬರುತ್ತಾರೆ, ಹೋಗುತ್ತಾರೆ. ಅವರಿಗೆ ಮಾತು ಇಲ್ಲವೆನ್ನುವಷ್ಟು ಕಡಿಮೆ. ನಾಟಕ ನ್ಯೂಯಾರ್ಕಿನಲ್ಲಿ ತೆರೆಕಂಡ ಐದು ತಿಂಗಳಿಗೆ, 1955ರ ಆಗಸ್ಟ್ 28ರಂದು, ಅದೇ ಮಿಸಿಸಿಪಿ ಬಯಲಿನಲ್ಲಿ ಎಮ್ಮೆಟ್ ಟಿಲ್ ಎಂಬ 14 ವರ್ಷದ ಕರಿಯ ಬಾಲಕನನ್ನು ಬಿಳಿಯರು ಕೊಂದರು. ಕೊಂದವರನ್ನು ಅಲ್ಲಿಯ ಬಿಳಿಯ ಪಂಚರು ನಿರ್ದೋಷಿಗಳೆಂದು ಬಿಟ್ಟರು. ಬ್ರಿಕ್‌ನ ಮೌನವನ್ನು ಅಷ್ಟು ಆಳವಾಗಿ ಕಂಡ ನಾಟಕಕಾರನಿಗೆ ಸೂಕಿಯ ಮೌನವು ಮನೆಯ ಸಾಮಾನಿನಂತೆ ಕಂಡಿತು. ಈ ದೋಷವನ್ನು ನಾವು ಮುಚ್ಚುವುದಿಲ್ಲ. ಗೇಣಿ ಅಳೆದುಕೊಟ್ಟವರ ಮೊಮ್ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. 1970ರ ಜನವರಿ 1ರಿಂದ ಇಲ್ಲಿ ಗೇಣಿ ರದ್ದಾಯಿತೆಂಬುದನ್ನು ಅವರ ಮನೆಗಳಲ್ಲಿ ಇನ್ನೂ ಹೇಳುತ್ತಾರೆ. ಅವರಲ್ಲೊಬ್ಬನು ಸೂಕಿಯ ಬಗ್ಗೆ ಕೇಳಿದರೆ ಅದಕ್ಕೂ ‘ಸಂಸಾರದ ಕಥೆ, ಮಗು’ ಎನ್ನೋಣವೆ?

ಚಿಕ್ಕವರ ಮುಂದೆ ಇದನ್ನೆಲ್ಲ ಆಡಬಹುದೆ ಎಂಬುದು ಕೊನೆಯ ಆಕ್ಷೇಪ. ನಾವು ಒಂದನೆಯ ತರಗತಿಯವರಿಗೆ ಇದನ್ನು ಓದಿ ಹೇಳಬೇಕೆನ್ನುವುದಿಲ್ಲ. ಆದರೆ ಹತ್ತನೆಯ ತರಗತಿಯ ಹುಡುಗನಿಗೆ ಬೈಗುಳ ಮಾತ್ರ ಚೆನ್ನಾಗಿ ತಿಳಿದಿದೆ. ನಡಿಗೆ ಮೆತ್ತಗಿದ್ದ, ದನಿ ತೆಳುವಾಗಿದ್ದ ಸಹಪಾಠಿಯನ್ನು ಶಾಲೆಯ ಅಂಗಳದಲ್ಲಿ ಏನೆಂದು ಕರೆಯುತ್ತಾರೆಂಬುದು ಉಪಾಧ್ಯಾಯರಾದ ನಮಗೆಲ್ಲ ಗೊತ್ತು. ಕೇಳಿಯೂ ಕೇಳದಂತೆ ಹಾಜರಿ ಪುಸ್ತಕದ ಮೇಲೆ ಕಣ್ಣಿಟ್ಟವರು ನಾವು. ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಲಿಂಗಪ್ರೇಮವು ಅಪರಾಧವಲ್ಲವೆಂದು ತೀರ್ಪು ಕೊಟ್ಟಾಗಿದೆ. ಕಾಯಿದೆ ಬಿಟ್ಟುಕೊಟ್ಟುದನ್ನು ನಮ್ಮ ಓದಿನ ಕೂಟ ಹಿಡಿದುಕೊಂಡು ಕೂತಿದೆ. ಬೈಗುಳಕ್ಕೆ ಬಾಯಿ, ಒಲವಿಗೆ ಬೀಗ: ಇದೆಂಥ ಶಿಕ್ಷಣ?

ಕನ್ನಡಿಸುವಾಗ ನಮಗೆ ಒಂದು ತೊಡಕು ಬಂದಿತ್ತು. ಸ್ಕಿಪ್ಪರನೊಡನೆ ಬ್ರಿಕ್‌ಗಿದ್ದುದನ್ನು ಏನೆಂದು ಕರೆಯೋಣ? ಗೆಳೆತನವೆಂದರೆ ಬ್ರಿಕ್ ಹೇಳಿದಷ್ಟೇ ಆಗುವುದು. ಪ್ರೇಮವೆಂದರೆ ಸ್ಕಿಪ್ಪರ್ ಹೇಳಿದಷ್ಟಾಗುವುದು. ಆಗ ನೆನಪಾದುದು ‘ನೇಹ’ ಎಂಬ ಹಳೆಯ ಮಾತು. ಅದರಲ್ಲಿ ಎರಡೂ ಅಡಗಿ ಕುಳಿತಿವೆ. ಒತ್ತಿ ಕೇಳಿದರೂ ಯಾವುದೆಂದು ಬಿಟ್ಟುಕೊಡುವುದಿಲ್ಲ. ವಿಲಿಯಮ್ಸನಿಗೆ ಬೇಕಾಗಿದ್ದ ಗುಟ್ಟು ನಮ್ಮ ನುಡಿಯಲ್ಲಿ ಸಿದ್ಧವಾಗಿಯೇ ಇತ್ತು. ನಾವೇ ಪುಟ ದಾಟಿಸಿ ಅದನ್ನು ಬಳಸದೆ ಬಿಟ್ಟೆವು.

ಮುಂದಿನ ತಿಂಗಳ ಕೂಟಕ್ಕೆ ಎರಡನೆಯ ಅಂಕವನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಬರೆದು ತರುತ್ತಿದ್ದೇವೆ. ಪ್ರಶ್ನೆ ಕೇಳಿದ ಹುಡುಗನಿಗೆ ಹೇಳಿಕಳುಹಿಸಿದ್ದಾಗಿದೆ. ಹಿರಿಯರೂ ದಯವಿಟ್ಟು ಬರಬೇಕು. ಅವರಿಗೆ ಮುಂದಿನ ಸಾಲಿನಲ್ಲಿಯೇ ಕುರ್ಚಿ ಇರಿಸುತ್ತೇವೆ.